ನನ್ನ ವಿಂಡೋಸ್ 11 ಪ್ರೊ ಡೆಸ್ಕ್‌ಟಾಪನ್ನು ಅದೇ ವೈಫೈನಲ್ಲಿರುವ ಲ್ಯಾಪ್‌ಟಾಪಿನಿಂದ ನಡೆಸಬೇಕು. ಆದರೆ ಡೆಸ್ಕ್‌ಟಾಪಿನ ಫೈರ್‌ವಾಲ್ ಆಫ್ ಮಾಡಿದರೆ ಮಾತ್ರ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಟ್ ಆಗುತ್ತದೆ. ಹಾಗೇ ಬಿಡಬಹುದಾ? ಮುಂದೆ ಊರಿಂದಲೂ ಕನೆಕ್ಟ್ ಮಾಡಬೇಕು.

ಬೇಡ, ಮೊದಲು ಅದನ್ನು ಆನ್ ಮಾಡಿ. ಒಂದು ಪೋರ್ಟ್‌ಗೋಸ್ಕರ (ಕನೆಕ್ಷನ್ ಒಳಬರುವ ನಂಬರಿನ ಬಾಗಿಲು) ಫೈರ್‌ವಾಲನ್ನೇ ತೆಗೆಯೋದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಆದರೆ ನೀವು ಮಾಡಿದ ಪರೀಕ್ಷೆಯಿಂದ ಅರ್ಧ ಕೆಲಸ ಮುಗಿದಿದೆ. ಡೆಸ್ಕ್‌ಟಾಪ್ ವಿಂಡೋಸ್ 11 ಪ್ರೊ, ಲ್ಯಾಪ್‌ಟಾಪ್ ಅದೇ ವೈಫೈನಲ್ಲಿದೆ ಅಂದಿದ್ದೀರಿ. ಆಫ್ ಮಾಡಿದಾಗ ಕನೆಕ್ಟ್ ಆಯಿತು ಅಂದರೆ ರೂಟರ್, ಪಾಸ್‌ವರ್ಡ್, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸ್ ಎಲ್ಲ ಸರಿ ಇವೆ. ತೊಂದರೆ ಇರೋದು ಡೆಸ್ಕ್‌ಟಾಪಿನ ಫೈರ್‌ವಾಲ್ ರೂಲ್‌ಗಳಲ್ಲೇ.

ನಾನು ಮೊದಲು ನೋಡೋದು ನೆಟ್‌ವರ್ಕ್ ಪ್ರೊಫೈಲ್, ಅಂದರೆ ಈ ವೈಫೈ ಪಬ್ಲಿಕ್ಕೋ ಪ್ರೈವೇಟೋ ಅನ್ನೋ ಗುರುತು. ಹೊಸ ವೈಫೈಗೆ ಸೇರಿದಾಗ ವಿಂಡೋಸ್ ಅದನ್ನು ಸಾಮಾನ್ಯವಾಗಿ ಪಬ್ಲಿಕ್ ಅಂತಲೇ ಇಟ್ಟುಕೊಳ್ಳುತ್ತದೆ. ರಿಮೋಟ್ ಡೆಸ್ಕ್‌ಟಾಪಿನ ಅನುಮತಿ ಪ್ರೈವೇಟ್‌ಗೆ ಮಾತ್ರ ಇದ್ದರೆ ಬಾಗಿಲು ಮುಚ್ಚಿದಂತೆಯೇ. ಮನೆಯ ವೈಫೈ ತಾನೇ? ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮಾಡಿ. ಆಮೇಲೆ ಫೈರ್‌ವಾಲಿನ 'ಅಲೌಡ್ ಆ್ಯಪ್ಸ್' ಪಟ್ಟಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎದುರು ಪ್ರೈವೇಟ್ ಟಿಕ್ ಇದೆಯಾ ನೋಡಿ.

ಟಿಕ್ ಇದ್ದೂ ಆಗುತ್ತಿಲ್ಲವಾ? ಇನ್ನೆರಡು ಕಡೆ ಹುಡುಕಿ. ಒಳಬರುವ ಎಲ್ಲ ಕನೆಕ್ಷನ್ ತಡೆಯುವ ಚೆಕ್‌ಬಾಕ್ಸ್ ಒಂದಿದೆ, ಆನ್-ಆಫ್ ಸ್ವಿಚ್ಚಿನ ಕೆಳಗೇ. ಅದು ಆನ್ ಇದ್ದರೆ ಅನುಮತಿ ಪಟ್ಟಿಗೆ ಬೆಲೆಯೇ ಇಲ್ಲ. ಇನ್ನೊಂದು, ಇನ್‌ಬೌಂಡ್ ರೂಲ್ಸ್‌ನಲ್ಲಿ (ಒಳಬರುವ ಕನೆಕ್ಷನ್‌ಗಳ ರೂಲ್ ಪಟ್ಟಿ) ಯಾರೋ ಹಾಕಿಟ್ಟ ಬ್ಲಾಕ್ ರೂಲ್. ಒಂದೇ ಪೋರ್ಟ್‌ಗೆ ಅಲೌ, ಬ್ಲಾಕ್ ಎರಡೂ ಇದ್ದರೆ ಗೆಲ್ಲೋದು ಬ್ಲಾಕೇ.

ಪಿಂಗ್ (ಇನ್ನೊಂದು ಕಂಪ್ಯೂಟರ್ ಉತ್ತರಿಸುತ್ತದಾ ಅಂತ ನೋಡುವ ಕಮಾಂಡ್) ಹಾಕಿ ಪರೀಕ್ಷಿಸಬೇಡಿ. ಪಿಂಗ್‌ಗೆ ಬೇರೆ ರೂಲ್ ಇದೆ, ಉತ್ತರ ಬರದಿದ್ದರೂ ರಿಮೋಟ್ ಡೆಸ್ಕ್‌ಟಾಪ್ ನಡೆಯಬಹುದು. ಲ್ಯಾಪ್‌ಟಾಪಿನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡ್‌ಗೆ ಡೆಸ್ಕ್‌ಟಾಪಿನ ಐಪಿ (ನೆಟ್‌ವರ್ಕ್ ವಿಳಾಸ), ರಿಮೋಟ್ ಡೆಸ್ಕ್‌ಟಾಪಿನ ಪೋರ್ಟ್ 3389 ಕೊಟ್ಟು ಓಡಿಸಿ. ಕೊನೆಯ ಸಾಲಿನಲ್ಲಿ 'ಟ್ರೂ' ಬಂತಾ, ದಾರಿ ತೆರೆದಿದೆ ಅಂತ ಲೆಕ್ಕ.

ಮುಂದೆ ಊರಿಂದಲೂ ಕನೆಕ್ಟ್ ಮಾಡಬೇಕು ಅಂತ ಕೇಳಿದ್ದೀರಲ್ವಾ, ಅದು ಬೇರೆಯೇ ಕತೆ. ರೂಟರ್‌ನಲ್ಲಿ 3389 ಅನ್ನು ಇಂಟರ್‌ನೆಟ್‌ಗೆ ತೆರೆಯಲೇಬೇಡಿ. 2019ರಲ್ಲಿ ರಿಮೋಟ್ ಡೆಸ್ಕ್‌ಟಾಪಿನಲ್ಲೇ ಬ್ಲೂಕೀಪ್ ಅನ್ನೋ ದೋಷ ಸಿಕ್ಕಾಗ, ಸಪೋರ್ಟ್ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಡಬೇಕಾಯಿತು. ಅಷ್ಟು ಅಪಾಯದ ಪೋರ್ಟ್ ಅದು. ಜೊತೆಗೆ ರೂಟರಿನ ಹೊರ ಐಪಿ 100.64ರಿಂದ 100.127ರ ಒಳಗಿದ್ದರೆ ನೀವು ಇಂಟರ್‌ನೆಟ್ ಕಂಪನಿಯ ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಹೊರ ಐಪಿ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ. ಪೋರ್ಟ್ ಫಾರ್ವರ್ಡ್ ಮಾಡಿದರೂ ಸುಮ್ನೆ ಶ್ರಮ. ಟೇಲ್‌ಸ್ಕೇಲ್‌ನಂಥ ವಿಪಿಎನ್ (ಇಂಟರ್‌ನೆಟ್ ಮೇಲೆ ನಿಮ್ಮ ಕಂಪ್ಯೂಟರ್‌ಗಳನ್ನು ಜೋಡಿಸುವ ಖಾಸಗಿ ದಾರಿ) ಹಾಕಿಕೊಳ್ಳಿ. ವಿಪಿಎನ್ ಡೆಸ್ಕ್‌ಟಾಪಿಗೆ ಕೊಟ್ಟ ಐಪಿಗೆ ಮೇಲಿನ ಪರೀಕ್ಷೆ ಮಾಡಿದಾಗ 'ಫಾಲ್ಸ್' ಬಂದರೆ ರಿಮೋಟ್ ಡೆಸ್ಕ್‌ಟಾಪ್ ರೂಲ್‌ನ ಸ್ಕೋಪ್ ಟ್ಯಾಬ್ ತೆರೆಯಿರಿ. ಅಲ್ಲಿ ಲೋಕಲ್ ಸಬ್‌ನೆಟ್ (ಅದೇ ನೆಟ್‌ವರ್ಕಿನ ಸಾಧನಗಳು) ಮಾತ್ರ ಇದ್ದರೆ ಲ್ಯಾಪ್‌ಟಾಪಿನ ವಿಪಿಎನ್ ಐಪಿಯನ್ನೂ ಸೇರಿಸಿ.