ಇಂಗ್ಲಿಷಿನ ಕಷ್ಟದ ಪದಗಳ ಅರ್ಥ ನೆನಪಿನಲ್ಲಿ ಉಳಿಯಲು ಏನು ಮಾಡಬೇಕು?
ದಿನಕ್ಕೆ ಐವತ್ತು ಪದ ಅಂತ ಉರು ಹೊಡೆಯುವುದನ್ನು ಮೊದಲು ಬಿಡಿ. ವಾರದೊಳಗೆ ಬಹುಪಾಲು ಮರೆತುಹೋಗುತ್ತೆ.

ಪದವನ್ನು ಬಿಡಿಸಿ ನೋಡಿ. ಲ್ಯಾಟಿನ್‌ನಲ್ಲಿ 'ಬೆನೆ' ಅಂದರೆ ಒಳ್ಳೆಯದಾಗಿ, 'ಮಾಲೆ' ಅಂದರೆ ಕೆಟ್ಟದಾಗಿ. ಹಾಗಾಗಿ ಬೆನೆವೊಲೆಂಟ್ ಅಂದರೆ ಒಳಿತು ಬಯಸುವವನು, ಮಲೆವೊಲೆಂಟ್ ಅಂದರೆ ಕೇಡು ಬಯಸುವವನು. ನಮಗೆಲ್ಲ ಗೊತ್ತಿರುವ ಮಲೇರಿಯಾ ಕೂಡ ಇದೇ ಬಳಗದ್ದು. ಇಟಾಲಿಯನ್‌ನಲ್ಲಿ ಅದು 'ಕೆಟ್ಟ ಗಾಳಿ'. ಪಾಪ, ಸೊಳ್ಳೆಯ ಕೈವಾಡ ಆಗಿನ್ನೂ ಗೊತ್ತಿರಲಿಲ್ಲ. ಆದರೆ ಸುಮ್ನೆ ಊಹಿಸಬೇಡಿ. ಮ್ಯಾಲೆಟ್‌ಗೂ ಕೇಡಿಗೂ ಸಂಬಂಧವಿಲ್ಲ, ಅದು ಬಡಗಿಯ ಕೊಡತಿ.

ಯಾವ ಪದಗಳಿಂದ ಶುರು ಮಾಡಬೇಕು? ಕಾಲೇಜು ಓದಿಗಾದರೆ ಭಾಷಾತಜ್ಞೆ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಸಾಕು. ಅದರಲ್ಲಿ 570 ಪದಕುಟುಂಬಗಳಿವೆ, ಅಂದರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪುಗಳು. ಅಪರೂಪದ ಪದಗಳಿಗಿಂತ ಇವು ಜಾಸ್ತಿ ಕೆಲಸಕ್ಕೆ ಬರುತ್ತವೆ.

ಅರ್ಥವನ್ನಷ್ಟೇ ಬರೆದುಕೊಂಡರೆ ಸಾಲದು. ಮಿಟಿಗೇಟ್ ಅಂದರೆ ತಗ್ಗಿಸುವುದು ನಿಜ, ಆದರೆ ಬೆಲೆಯನ್ನೋ ಟಿವಿ ಸೌಂಡನ್ನೋ ಯಾರೂ ಮಿಟಿಗೇಟ್ ಮಾಡಲ್ಲ. ಹಾನಿ, ಅಪಾಯ, ಪರಿಣಾಮ ಇಂಥವುಗಳ ಜೊತೆಗೇ ಅದು ಬರುವುದು. ಅದಕ್ಕೇ ಓದಿದ ವಾಕ್ಯವನ್ನು ಇಡಿಯಾಗಿ ಬರೆದಿಟ್ಟುಕೊಳ್ಳಿ. ಮರುದಿನ, ವಾರ ಬಿಟ್ಟು, ತಿಂಗಳು ಬಿಟ್ಟು ಪದವನ್ನು ಕೈಯಲ್ಲಿ ಮುಚ್ಚಿ ನೆನಪಿಸಿಕೊಂಡು ನೋಡಿ.