ಹೊಳೆ ದಾಟಿದರೆ ಬೇರೆ ಸರ್ಕಾರ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಗಂಗಾವತಿ ತಾಲೂಕಿನ ಒಂದು ಹಳ್ಳಿ. ನಮ್ಮಜ್ಜಿ ಹೇಳೋ ಪ್ರಕಾರ ನಾವು "ಧಾತು ಈಶ್ವರ ಬರದಾಗ ಅದವಾನಿ ಕಡೆಯಿಂದ ಬಂದೋರು". ಮನೆದೇವರು ಉರುಕುಂದಿ ಈರಣ್ಣ. ಮುತ್ತಜ್ಜ ಬಳ್ಳಾರಿಗೆ ಹೋಗಿ ಮಿಲಿಟರಿ ಸೇರಿ ಬಸ್ರಾಕ್ಕೆ ಹೋಗಿದ್ದರಂತೆ. ಸುಬೇದಾರ್ ಆಗಿದ್ದರು ಅಂತ ಮನೆಯಲ್ಲಿ ಮಾತು. ಜೊತೆಗೆ ಹೋದ ಅವರ ತಮ್ಮ ವಾಪಸ್ ಬರಲಿಲ್ಲ. ಟ್ರಂಕಿನಲ್ಲಿ ಕಂದು ಬಣ್ಣದ ಒಂದು ಬಿಲ್ಲೆ ಇದೆ. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಕುದುರೆ ಸವಾರ. ಕೊಪ್ಪಳದಲ್ಲಿ ಕೇಳಿದೆ, ರಾಯಚೂರಿನಲ್ಲಿ ಕೇಳಿದೆ, ಏನೂ ಸಿಗಲಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರು, ಗಂಗಾವತಿ ತಾಲೂಕು

ಉತ್ತರ: ತಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಏನೂ ಸಿಗಲಿಲ್ಲ ಅಂತ ಬರೆದಿದ್ದೀರಿ. ಆದರೆ ಅರ್ಧ ದಾರಿ ನಿಮ್ಮಜ್ಜಿಯ ಒಂದು ಮಾತಿನಲ್ಲೇ ಇದೆ.

ಧಾತು, ಈಶ್ವರ ಎರಡೂ ಸಂವತ್ಸರದ ಹೆಸರು. ಧಾತು ಅಂದರೆ 1876-77, ಈಶ್ವರ ಅಂದರೆ 1877-78. ಮದ್ರಾಸ್ ಪ್ರಾಂತ್ಯವನ್ನೆಲ್ಲ ಸುಟ್ಟ ದೊಡ್ಡ ಬರ ಅದು. ಬಳ್ಳಾರಿ ಜಿಲ್ಲೆಗೆ ಬಿದ್ದ ಪೆಟ್ಟು ಬಹಳ ಜಾಸ್ತಿ. ಹಳೆಯವರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಅದನ್ನು ಹಾಗೇ ಬರೆದುಕೊಂಡು ಆಮೇಲೆ ಪಂಚಾಂಗ ನೋಡಿ ಲೆಕ್ಕ ಹಾಕಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ, 1936ರಲ್ಲೂ ಧಾತು ಬಂತು. ನಿಮ್ಮ ವಿಷಯದಲ್ಲಿ ಆ ಅನುಮಾನ ಇಲ್ಲ, ಯಾಕಂದರೆ ಅಜ್ಜಿ "ಬರ" ಅಂದಿದ್ದಾರೆ.

ಇನ್ನು ಮನೆದೇವರು. ಉರುಕುಂದಿ ಇರುವುದು ಅದವಾನಿಯ ಹತ್ತಿರ. ಮನೆತನ ಊರು ಬಿಡುತ್ತದೆ, ಹೊಲ ಬಿಡುತ್ತದೆ, ಒಮ್ಮೊಮ್ಮೆ ಅಡ್ಡಹೆಸರನ್ನೂ ಬಿಡುತ್ತದೆ. ಮನೆದೇವರನ್ನು ಮಾತ್ರ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅಜ್ಜಿಯ ಮಾತು, ದೇವರ ಗುಡಿ ಎರಡೂ ಒಂದೇ ದಿಕ್ಕು ತೋರಿಸುತ್ತಿವೆ ಅಲ್ವಾ? ನಾನಾಗಿದ್ದರೆ ಇದನ್ನು ನಂಬುತ್ತೇನೆ.

ಹಾಗಾದರೆ ಕೊಪ್ಪಳದಲ್ಲಿ, ರಾಯಚೂರಿನಲ್ಲಿ ಯಾಕೆ ಸಿಗಲಿಲ್ಲ? ನಿಮ್ಮ ಹಿರಿಯರು ದಾಟಿದ್ದು ಬರೀ ಹೊಳೆಯಲ್ಲ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟರು. ಅಂದಿನಿಂದ ತುಂಗಭದ್ರೆಯ ಈ ದಡ ಮದ್ರಾಸಿನದು, ಆ ದಡ ಹೈದರಾಬಾದಿನದು. ಕಂಪ್ಲಿಯಲ್ಲಿ ನಿಂತರೆ ಒಂದು ಸರ್ಕಾರ, ಹೊಳೆ ದಾಟಿ ಗಂಗಾವತಿ ಕಡೆ ಕಾಲಿಟ್ಟರೆ ಇನ್ನೊಂದು ಸರ್ಕಾರ. ಕಾಗದದ ಭಾಷೆಯೂ ಬೇರೆ. ಅದವಾನಿ ಆಗ ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ಅದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಂಗಾವತಿ ನಮ್ಮ ಕಡೆ ಬಂದದ್ದು 1956ರ ನವೆಂಬರ್ 1ಕ್ಕೆ.

ಅದಕ್ಕೇ ನಿಮ್ಮ ಒಂದೇ ಮನೆತನದ ಕಾಗದಗಳು ಎರಡು ರಾಜಧಾನಿಗಳಲ್ಲಿ ಹಂಚಿಹೋಗಿರುತ್ತವೆ. ಬರಕ್ಕೆ ಮುಂಚಿನದು ಹುಡುಕಬೇಕಾದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ಮದ್ರಾಸ್ ಪ್ರಾಂತ್ಯದ ಹಳೇ ದಾಖಲೆ ಇರುವುದು ಅಲ್ಲಿ. ಹೊಳೆ ದಾಟಿದ ಮೇಲಿನದಕ್ಕೆ ಹೈದರಾಬಾದಿನ ತಾರ್ನಾಕಾದ ಪತ್ರಾಗಾರ. ಎರಡು ಕಡೆಯೂ ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ, ಮೊದಲೇ ಅರ್ಜಿ ಹಾಕಿ ಅನುಮತಿ ತಗೊಳ್ಳಿ. ಅದಕ್ಕಿಂತ ಮುಂಚೆ ನಿಮ್ಮ ತಾಲೂಕು ಕಚೇರಿಯಲ್ಲಿ 1954-55ರ ಖಾಸ್ರಾ ಪಹಣಿಯ ನಕಲು ಕೇಳಿ. ಅದರಲ್ಲಿ ಹೊಲ ಯಾರ ಹೆಸರಿನಲ್ಲಿತ್ತು ಅಂತ ಗೊತ್ತಾದರೆ ಮುತ್ತಜ್ಜನ ಹೆಸರು ಕಾಗದದ ಮೇಲೆ ಹೇಗೆ ಬರೆಯುತ್ತಿದ್ದರು ಅನ್ನುವುದು ಸಿಗಬಹುದು.

ಈಗ ಆ ಬಿಲ್ಲೆ. ದಯವಿಟ್ಟು ಒಂದು ಮಾತು ಕೇಳಿ: ಹಬ್ಬ ಬಂತು ಅಂತ ಅದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಓದಬೇಕಾದದ್ದು ಅದರ ಅಂಚಿನಲ್ಲಿದೆ. ಬಿಲ್ಲೆಯನ್ನು ನೆಟ್ಟಗೆ ಹಿಡಿದು, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಬೆಳಕನ್ನು ಒಂದು ಪಕ್ಕದಿಂದ ಬಿಡಿ. ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಸವೆದ ಅಕ್ಷರದ ನೆರಳು ಏಳುತ್ತದೆ. ನಂಬರ್, ಹುದ್ದೆ, ಹೆಸರು, ಪಡೆ – ಸಾಮಾನ್ಯವಾಗಿ ಈ ನಾಲ್ಕು ಇರುತ್ತವೆ. ಹೆಸರಿಗಿಂತ ನಂಬರ್ ಮುಖ್ಯ.

ನೀವು ಹೇಳಿದ ಗುರುತು ನೋಡಿದರೆ ಅದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಮುಂದೆ ಐದನೇ ಜಾರ್ಜ್, ಹಿಂದೆ ಕುದುರೆ ಸವಾರ, ಅಕ್ಕಪಕ್ಕ 1914, 1918. ಈ ಮೆಡಲ್ ಸಿಪಾಯಿಗಳಿಗೆ, ಸುಬೇದಾರರಿಗೆ ಬೆಳ್ಳಿಯಲ್ಲಿ ಸಿಗುತ್ತಿತ್ತು. ಲೇಬರ್ ಕೋರಿನಂಥ ಕೂಲಿ ಪಡೆಗಳವರಿಗೆ ಕಂಚಿನಲ್ಲಿ. ಹಳೇ ಬೆಳ್ಳಿ ಕಪ್ಪಾಗುತ್ತದೆ, ಕಂಚು ಕಂದಾಗುತ್ತದೆ. ಅಕ್ಕಸಾಲಿಗರಿಗೆ ತೋರಿಸಿದರೆ ಒಂದು ಕ್ಷಣದಲ್ಲಿ ಹೇಳುತ್ತಾರೆ. ಕಂಚೇ ಆಗಿದ್ದರೆ ನಿಮ್ಮ ಮುತ್ತಜ್ಜ ಸುಬೇದಾರರಲ್ಲ. ಹೊರೆ ಹೊತ್ತವರು, ರಸ್ತೆ ಹಾಕಿದವರು, ಹಡಗಿನಿಂದ ಸಾಮಾನು ಇಳಿಸಿದವರು.

ಇದನ್ನು ಬರೆಯುವಾಗ ನನ್ನ ಕೈ ತಡೆಯಿತು. ನಮ್ಮ ಮನೆಯಲ್ಲೂ ಇದೇ ಆಯಿತು. ನಾವು ಬಳ್ಳಾರಿ ಕೌಲ್ ಬಜಾರಿನವರು. ನಮ್ಮ ಅಜ್ಜ ಹವಾಲ್ದಾರ್ ಅಂತಲೇ ನಾವೆಲ್ಲ ನಂಬಿದ್ದೆವು. ಅವರ ಬಿಲ್ಲೆ ದೇವರ ಮನೆಯ ಗೂಡಿನಲ್ಲಿ, ಕುಂಕುಮದ ಭರಣಿ ಪಕ್ಕ ಇರುತ್ತಿತ್ತು. ನಾನು ಸ್ಕೂಲಿನಲ್ಲಿ ಪಾಠ ಹೇಳಲು ಶುರು ಮಾಡಿದ ವರ್ಷ, ಒಂದು ಭೂತಗನ್ನಡಿ ತಂದು ಅಂಚು ಓದಿದೆ. ನಂಬರಿನ ಪಕ್ಕ ಕೂಲಿ ಅನ್ನುವ ಅರ್ಥದ ಇಂಗ್ಲಿಷ್ ಪದ ಇತ್ತು. ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದಕ್ಕೇ ಏನೋ ಅವರ ಎಡಗಡೆ ಹೆಗಲು ಇಳಿದಿತ್ತು" ಅಂದರು. ಹವಾಲ್ದಾರ್ ಅನ್ನುವ ಮಾತಿನಲ್ಲಿ ನಮಗೆ ಅಜ್ಜ ಸಿಕ್ಕಿರಲಿಲ್ಲ. ಆ ಇಳಿದ ಹೆಗಲಿನಲ್ಲಿ ಸಿಕ್ಕರು. ಆ ಯುದ್ಧಕ್ಕೆ ನಮ್ಮ ದೇಶದಿಂದ ಐದು ಲಕ್ಷಕ್ಕೂ ಹೆಚ್ಚು ಜನ ಹೀಗೆ ಬಂದೂಕು ಹಿಡಿಯದ ಕೆಲಸಕ್ಕೆ ಸೇರಿದ್ದರು. ಅವರು ಹೊತ್ತ ನೀರು, ಹಿಟ್ಟು, ಮದ್ದುಗುಂಡು ಇಲ್ಲದೆ ಒಬ್ಬ ಸುಬೇದಾರನೂ ಒಂದು ದಿನ ನಿಲ್ಲುತ್ತಿರಲಿಲ್ಲ. ಆದ್ದರಿಂದ ಅಂಚಿನಲ್ಲಿ ಏನೇ ಇರಲಿ, ಅದನ್ನು ಮನೆಯವರ ಮುಂದೆ ಜೋರಾಗಿ ಓದಿ ಹೇಳಿ.

ವಾಪಸ್ ಬರದ ಆ ತಮ್ಮ ಬೇಗ ಸಿಗುವ ಸಾಧ್ಯತೆ ಇದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಸೇವೆಯಲ್ಲಿ ಸತ್ತವರ ಪಟ್ಟಿ ಅವರ ವೆಬ್‌ಸೈಟಿನಲ್ಲಿ ಹಣ ಕೊಡದೆ ನೋಡಬಹುದು. ಬದುಕಿ ಬಂದವರು ಅದರಲ್ಲಿ ಇರುವುದಿಲ್ಲ. ಎಷ್ಟೋ ಹೆಸರಿನ ಪಕ್ಕ ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆಯೂ ಇರುತ್ತದೆ. ಇರಾಕಿನ ಬಸ್ರಾ ಸ್ಮಾರಕದ ಲೆಕ್ಕದಲ್ಲೇ 40,000ಕ್ಕೂ ಹೆಚ್ಚು ಜನ ಇದ್ದಾರೆ. ಹುಡುಕುವಾಗ ಹನುಮಪ್ಪ ಇದ್ದರೆ ಅನುಮಪ್ಪ ಅಂತಲೂ ಹಾಕಿ ನೋಡಿ. ಬರೆದುಕೊಂಡ ಗುಮಾಸ್ತನ ಕಿವಿಗೆ ಹೇಗೆ ಬಿತ್ತೋ ಹಾಗೆ ಬರೆದಿರುತ್ತಾನೆ. ಅದವಾನಿಯನ್ನು ಅಡೋನಿ ಅಂತ ಹಾಕಿ. ಜಿಲ್ಲೆ ಬಳ್ಳಾರಿ ಅಂತ ಕೊಡಿ, ಈಗಿನ ಕರ್ನೂಲು ಬೇಡ. ಸೇರುವಾಗ ಅವರು ಹೊಳೆಯಾಚೆಯ ಹೊಸ ಊರನ್ನು ಹೇಳಿದ್ದರೋ, ಅಪ್ಪ ಹುಟ್ಟಿದ ಊರನ್ನು ಹೇಳಿದ್ದರೋ, ಎರಡನ್ನೂ ಹುಡುಕಬೇಕು. ಅಪ್ಪನ ಊರು ಹೇಳಿದ್ದರೆ ನಿಮ್ಮ ಮೂಲ ಹಳ್ಳಿಯೇ ಸಿಕ್ಕಂತೆ.

ಆ ವರ್ಷಗಳಲ್ಲೇ ಬಳ್ಳಾರಿಯಲ್ಲಿ ತುರ್ಕಿ ಸೈನಿಕರ ಸೆರೆ ಶಿಬಿರ ಇತ್ತು. ನಮ್ಮವರು ತುರ್ಕಿಯ ಆಳ್ವಿಕೆಯಲ್ಲಿದ್ದ ಇರಾಕಿಗೆ ಹೋದರು, ಅವರು ನಮ್ಮ ಬಿಸಿಲಿಗೆ ಬಂದರು. ಸ್ಟೇಷನ್ ಕಡೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನಿಮ್ಮ ಮನೆಗೆ ಹೆಳವರು ಬರುತ್ತಾರಾ? ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ವಂಶ ಹೇಳುವವರು. ಬಂದರೆ ಕಾಳು ಕೊಟ್ಟು ಕಳಿಸಿಬಿಡಬೇಡಿ, ಕೂರಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ. ಅವರು ಹೇಳುವ ಶೌರ್ಯದ ಮಾತಿಗಿಂತ ಊರಿನ ಹೆಸರುಗಳನ್ನು ನಾನು ಜಾಸ್ತಿ ನಂಬುತ್ತೇನೆ.

ಮತ್ತೆ, ಮುತ್ತಜ್ಜ ನಿಮ್ಮಜ್ಜಿಗೆ ಮಾವ ಆಗಬೇಕು ಅಲ್ವಾ? ಕಣ್ಣಾರೆ ಕಂಡವರು ಅವರೊಬ್ಬರೇ ಉಳಿದಿರಬಹುದು. ಚೆನ್ನೈಗೆ ಟಿಕೆಟ್ ಮಾಡಿಸುವ ಮುಂಚೆ ಒಂದು ಸಂಜೆ ಅವರ ಹತ್ತಿರ ಕೂರಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಯಾರ ಯಾರ ಹೆಸರು ಹೇಳುತ್ತಾರೆ ಅಂತ ಕೇಳಿ. ಬಾರದೆ ಹೋದ ಆ ತಮ್ಮನ ಹೆಸರು ಬೇರೆ ಎಲ್ಲೂ ಇಲ್ಲದಿದ್ದರೂ ಅಲ್ಲಿ ಇರುತ್ತದೆ. ಅಂಚಿನ ಫೋಟೋ ತೆಗೆದರೆ ನನಗೂ ಕಳಿಸಿ, ಓದಲು ನಾನು ಸಹಾಯ ಮಾಡುತ್ತೇನೆ.

ಪ್ರಶ್ನೆ: ನಮ್ಮ ಮುತ್ತಾತನ ಕಾಗದದಲ್ಲಿ "94 ರಸಲ್ಸ್ ಇನ್‌ಫೆಂಟ್ರಿ" ಅಂತ ಇದೆ. ಅದು ನಿಜಾಮರ ಸೈನ್ಯವಾ? ಈಗ ಯಾರನ್ನು ಕೇಳಬೇಕು?
– ಓದುಗರು, ಲಿಂಗಸುಗೂರು

ಉತ್ತರ: ನಿಜಾಮರ ಸ್ವಂತ ಸೈನ್ಯ ಅಲ್ಲ. ಇದು ಹೈದರಾಬಾದ್ ಕಂಟಿಂಜೆಂಟಿನಿಂದ ಬಂದ ಪಲ್ಟನ್. ಖರ್ಚು ನಿಜಾಮರದು, ಅಧಿಕಾರ ಇಂಗ್ಲಿಷರದು. ಆ ಖರ್ಚಿಗಾಗಿಯೇ ನಿಜಾಮರು 1853ರಲ್ಲಿ ಬೇರಾರ್ ಸೀಮೆಯನ್ನು (ಈಗ ಮಹಾರಾಷ್ಟ್ರದಲ್ಲಿದೆ) ಇಂಗ್ಲಿಷರಿಗೆ ಒಪ್ಪಿಸಬೇಕಾಯಿತು. ನಿಮ್ಮ ಊರಿನಲ್ಲೇ ಈ ಕಂಟಿಂಜೆಂಟಿನ ಛಾವಣಿ ಇತ್ತು, ಹಾಗಾಗಿ ನಿಮ್ಮ ಮುತ್ತಾತ ಸೇರಿದ್ದರಲ್ಲಿ ಆಶ್ಚರ್ಯ ಇಲ್ಲ. 1903ರಲ್ಲಿ ಪಲ್ಟನ್‌ಗಳ ನಂಬರ್ ಬದಲಾದಾಗ ಇದು 94 ಆಯಿತು. 1922ರಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಆಯಿತು. 1945ರ ಅಕ್ಟೋಬರ್ 27ರಂದು ಆ ರೆಜಿಮೆಂಟಿಗೆ ಕುಮಾವೂನ್ ರೆಜಿಮೆಂಟ್ ಅಂತ ಹೆಸರು ಬಂತು. ಹಾಗಾಗಿ ನೀವು ಪತ್ರ ಬರೆಯಬೇಕಾದದ್ದು ಹೈದರಾಬಾದಿಗಲ್ಲ, ಹಿಮಾಲಯದ ಮಡಿಲಿನ ರಾಣಿಖೇತಕ್ಕೆ. ಕುಮಾವೂನಿನ ಕೇಂದ್ರ ಅಲ್ಲಿದೆ. ಕಾಗದದ ಎರಡೂ ಬದಿಯ ನಕಲು ಇಡಿ, ಸೈನಿಕ ನಂಬರನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ.