ಕೆಂಪು ಇರುವಾಗಲೇ ಗಾಡಿ ಹೊರಟರೆ ಸಿಗ್ನಲ್ ಮುರಿದಂತೆಯೇ?

ತಮ್ಮಾ, ನೀನು ಬರೆದದ್ದು ಓದಿದೆ. ವಾಡಿಯಿಂದ ಯಾದಗಿರಿಗೆ ಬರುವಾಗ ರಾತ್ರಿ ಗಾಡಿ ನಡುದಾರಿಯಲ್ಲಿ ನಿಂತಿತು, ತಿರುವಿನಲ್ಲಿ ಕೆಂಪು ದೀಪ ಕಾಣುತ್ತಿತ್ತು, ಎರಡು ನಿಮಿಷ ಬಿಟ್ಟು ಸೀಟಿ ಹೊಡೆದು ಕೆಂಪು ಇರುವಾಗಲೇ ಹೊರಟಿತು, ಡ್ರೈವರ್ ತಪ್ಪು ಮಾಡಿದರಾ ಅಂತ ಕೇಳಿದ್ದೀಯ. ನಾನು ಇದೇ ಲೈನಿನಲ್ಲಿ ಗೂಡ್ಸ್ ಓಡಿಸಿ ನಿವೃತ್ತನಾದವನು. ನೀನು ಹೇಳಿದ ಪ್ರಕಾರ ನೋಡಿದರೆ ಅವರು ನಿಯಮದಂತೆಯೇ ನಡೆದಿದ್ದಾರೆ. ಆ ಎರಡು ನಿಮಿಷವೇ ಅದಕ್ಕೆ ಗುರುತು.

ದೀಪದ ಬಣ್ಣ ಮಾತ್ರ ನೋಡಿದರೆ ಸಾಲದು, ಕಂಬದ ಮೇಲಿನ ಬಿಲ್ಲೆಯನ್ನೂ ನೋಡಬೇಕು. ಹಳದಿ ದುಂಡು ಬಿಲ್ಲೆಯಲ್ಲಿ ಕಪ್ಪು ‘ಜಿ’ ಅಕ್ಷರ ಇದ್ದರೆ ಅದು ಗೇಟ್ ಸಿಗ್ನಲ್, ಅಂದರೆ ರಸ್ತೆ ಹಳಿ ದಾಟುವಲ್ಲಿರುವ ಗೇಟನ್ನು ಕಾಯುವ ಸಿಗ್ನಲ್. ಅದು ಕೆಂಪಿದ್ದರೆ ಸೀಟಿ ಹೊಡೆದು ನಿಲ್ಲಬೇಕು. ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ. ಆಗಲೂ ಬದಲಾಗದಿದ್ದರೆ ಹುಷಾರಾಗಿ ಗೇಟಿನ ತನಕ ಹೋಗಬಹುದು. ಗೇಟಿನ ತನಕ ಅಷ್ಟೇ. ಗೇಟ್‌ಮನ್ ಕೈದೀಪ ತೋರಿಸಿದರೆ ಮಾತ್ರ ದಾಟುವುದು. ಯಾರೂ ಕಾಣದಿದ್ದರೆ ಗೇಟಿಗಿಂತ ಮುಂಚೆ ನಿಲ್ಲಿಸಿ, ಅಸಿಸ್ಟೆಂಟ್ ಡ್ರೈವರ್ ಇಳಿದು ಗೇಟ್ ಹಾಕಿದೆಯಾ ನೋಡಿ, ಕೈಸನ್ನೆ ಮಾಡಿ ದಾಟಿಸಬೇಕು.

ತೊಗರಿ ರಾಶಿಯ ಕಾಲದಲ್ಲಿ ಇಂಥದ್ದು ಜಾಸ್ತಿ. ಒಂದು ರಾತ್ರಿ ನನಗೂ ಹೀಗೇ ಆಗಿತ್ತು. ಕಾದು, ನಡಿಗೆಯ ವೇಗದಲ್ಲಿ ಹೋದರೆ, ಚೀಲ ಹೇರಿದ ಟ್ರ್ಯಾಕ್ಟರ್ ತಾಗಿ ಗೇಟಿನ ಕೋಲು ಎರಡು ತುಂಡಾಗಿ ರಸ್ತೆಗೆ ಬಿದ್ದಿದೆ. ಗೇಟ್ ಲಾಕ್ ಆಗದೆ ಸಿಗ್ನಲ್ ಬೀಳುವುದಿಲ್ಲವಲ್ಲ, ಅಂದರೆ ಕೆಂಪು ಬಿಡುವುದಿಲ್ಲ! ಗೇಟ್‌ಮನ್ ರಸ್ತೆಗೆ ಅಡ್ಡ ಸರಪಳಿ ಕಟ್ಟಿ, ಮಫ್ಲರ್ ಸುತ್ತಿಕೊಂಡು ಹಸಿರು ದೀಪ ಹಿಡಿದು ನಿಂತಿದ್ದ. ಸರಪಳಿಯ ಆಚೆ ಬೈಕಿನವರು ಹಾರ್ನ್ ಹೊಡೆಯುತ್ತಿದ್ದರು. ಆ ಎರಡು ನಿಮಿಷ ಉಳಿಸಲು ನಾನು ಹೋಗಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆಸಿಕೊಳ್ಳುತ್ತೇನೆ.

ಬಿಳಿ ಬಿಲ್ಲೆಯಲ್ಲಿ ‘ಎ’ ಇದ್ದರೆ ಆಟೋಮ್ಯಾಟಿಕ್ ಸಿಗ್ನಲ್, ಮುಂದೆ ಗಾಡಿ ಇದ್ದರೆ ತಾನೇ ಕೆಂಪಾಗುವಂಥದ್ದು. ಕಾಯುವ ಹೊತ್ತು ಇಲ್ಲೂ ಅಷ್ಟೇ. ಆದರೆ ಮುಂದೆಯೇ ಇನ್ನೊಂದು ಗಾಡಿ ನಿಂತಿರಬಹುದು, ಹಾಗಾಗಿ ಯಾವ ಕ್ಷಣದಲ್ಲೂ ನಿಲ್ಲುವಂತೆ ಹೋಗಬೇಕು. ಮಂಜು, ಮಳೆ, ತಿರುವು ಇದ್ದು ದಾರಿ ಕಾಣದಿದ್ದರೆ ವೇಗ ಗಂಟೆಗೆ 10 ಕಿ.ಮೀ. ಮೀರುವಂತಿಲ್ಲ.

ಸ್ಟೇಷನ್ನಿನ ಒಳಗೆ ಬಿಡುವ ಹೋಂ ಸಿಗ್ನಲ್, ಅಲ್ಲಿಂದ ಹೊರಡಿಸುವ ಸ್ಟಾರ್ಟರ್ ಸಿಗ್ನಲ್‌ಗಳ ಮಾತು ಬೇರೆ. ಅಲ್ಲಿ ಗಂಟೆಗಟ್ಟಲೆ ಕಾದರೂ ನಮ್ಮಷ್ಟಕ್ಕೆ ನಾವು ದಾಟುವ ಹಾಗಿಲ್ಲ. ಹೋಂ ಸಿಗ್ನಲ್ ಕೆಟ್ಟರೆ ಅದರ ಕೆಳಗೆ ಇರುವ, ನಿಧಾನವಾಗಿ ಒಳಗೆ ಬಾ ಎನ್ನುವ ಕಾಲಿಂಗ್ ಆನ್ ಸಿಗ್ನಲ್ ಬೀಳಬೇಕು, ಇಲ್ಲವೇ ಸ್ಟೇಷನ್ ಮಾಸ್ಟರ್ ಸಹಿ ಮಾಡಿದ ಟಿ/369 ತ್ರೀ ಬಿ ಅನ್ನುವ ಅನುಮತಿ ಚೀಟಿ ಕೈಗೆ ಬರಬೇಕು. ಸ್ಟೇಷನ್ನಿನ ಕೆಲಸಗಾರ ಪಾಯಿಂಟ್ಸ್‌ಮನ್ ಆ ಚೀಟಿ ಹಿಡಿದು ಕಂಬದ ಬುಡಕ್ಕೆ ನಡೆದು ಬರುತ್ತಾನೆ. ಒಳಗೆ ಗಾಡಿ ತೆವಳಬೇಕು, ಗಂಟೆಗೆ 15 ಕಿ.ಮೀ. ಮೀರದಂತೆ. ಚೀಟಿ ಇಲ್ಲದೆ ಒಂದು ಗಾಲಿ ದಾಟಿದರೂ ಅದು ಸ್ಪ್ಯಾಡ್, ಅಂದರೆ ಅಪ್ಪಣೆಯಿಲ್ಲದೆ ಕೆಂಪು ದಾಟಿದ ತಪ್ಪು. ತಕ್ಷಣ ಡ್ಯೂಟಿಯಿಂದ ಇಳಿಸುತ್ತಾರೆ, ಉಸಿರು ಪರೀಕ್ಷೆ, ವಿಚಾರಣೆ. ಗಾಬರಿಯಲ್ಲಿ ಹಿಂದಕ್ಕೆ ತೆಗೆಯುವುದು ಇನ್ನೂ ಕೆಟ್ಟದ್ದು. ಇದ್ದಲ್ಲೇ ನಿಂತು ಸ್ಟೇಷನ್‌ಗೂ ಗಾರ್ಡ್‌ಗೂ ಹೇಳಬೇಕು.

ಕೆಂಪು ಕಂಡ ಮೇಲೆ ಬ್ರೇಕ್ ಹಾಕಿದರೆ ತುಂಬಿದ ಸಿಮೆಂಟ್ ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಅದಕ್ಕೂ ಮುಂಚೆ ದೂರದಲ್ಲೇ ಎಚ್ಚರಿಸುವ ಡಿಸ್ಟಂಟ್ ಸಿಗ್ನಲ್‌ನ ಹಳದಿಗೇ ವೇಗ ಇಳಿಸುವುದು, ಅಸಿಸ್ಟೆಂಟ್‌ಗೂ ನನಗೂ ಬಣ್ಣ ಜೋರಾಗಿ ಹೇಳಿಕೊಳ್ಳುವ ಅಭ್ಯಾಸ. ಈಗ ‘ಕವಚ್’ ಬಂದಿದೆ, ಡ್ರೈವರ್ ಬ್ರೇಕ್ ಹಾಕದಿದ್ದರೆ ಅದೇ ಹಾಕುತ್ತದೆ. ಪ್ಯಾಸೆಂಜರ್ ಗಾಡಿಗಳಲ್ಲಿ ಅದರ ಮೊದಲ ಪರೀಕ್ಷೆ 2016ರಲ್ಲಿ ನಮ್ಮ ವಾಡಿ, ಬೀದರ್ ಕಡೆಯಿಂದ ವಿಕಾರಾಬಾದಿಗೆ ಹೋಗುವ ಲೈನ್‌ಗಳಲ್ಲೇ ನಡೆದದ್ದು.

ಇನ್ನೊಂದು ಮಾತು. ಇಂಜಿನ್ ದಾಟಿದ ಕೂಡಲೇ ಸಿಗ್ನಲ್ ತಾನೇ ಕೆಂಪಾಗುತ್ತದೆ. ಹಿಂದಿನ ಬೋಗಿಯಿಂದ ನೋಡಿದವರಿಗೆ ಪ್ರತಿ ಸಿಗ್ನಲ್ಲೂ ಕೆಂಪೇ ಕಾಣುತ್ತದೆ. ನೀನು ಗಾಡಿ ನಿಂತಾಗಲೇ ನೋಡಿದ್ದೀಯ, ಅದು ಬೇರೆ. ಆ ಕಂಬದ ಫೋಟೋ ಇದ್ದರೆ ಹಾಕು, ಬಿಲ್ಲೆ ನೋಡಿ ಹೇಳುತ್ತೇನೆ.